ಕಲ್ಲಿದ್ದಲು ತೂಗುವವನಿಗೆ ಯಾಕೆ ಬೇಕು ಸರ್ಟಿಫಿಕೇಟು? ಡ್ಯೂಕ್ ಪವರ್ ಪ್ರಕರಣ

1965ರ ಜುಲೈ 2. ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಏಳನೇ ಅಧ್ಯಾಯ ಜಾರಿಗೆ ಬಂದ ದಿನ. ಅವತ್ತಿನಿಂದ ಜನಾಂಗ, ಬಣ್ಣ, ಧರ್ಮ, ಲಿಂಗ ನೋಡಿ ಕೆಲಸ ಕೊಡುವುದು, ಕೊಡದೆ ಇರುವುದು ಎರಡೂ ಕಾನೂನುಬಾಹಿರ. ಅದೇ ದಿನ ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿ ತನ್ನ ಡ್ಯಾನ್ ರಿವರ್ ವಿದ್ಯುತ್ ಸ್ಥಾವರದಲ್ಲಿ ಒಂದು ಹೊಸ ನಿಯಮ ತಂದಿತು. ಲೇಬರ್ ವಿಭಾಗ ಬಿಟ್ಟು ಬೇರೆ ಎಲ್ಲಿಗೆ ಹೊಸದಾಗಿ ಸೇರಬೇಕಾದರೂ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟ್ ಜೊತೆಗೆ ಎರಡು ಲಿಖಿತ ಪರೀಕ್ಷೆಗಳಲ್ಲೂ ಪಾಸಾಗಬೇಕು.

ಕಾನೂನು ಮತ್ತು ನಿಯಮ ಒಂದೇ ದಿನ ಹುಟ್ಟಿದ್ದು ಸುಮ್ನೆ ಆಕಸ್ಮಿಕ ಅಂತ ನಂಬುವಷ್ಟು ಒಳ್ಳೇತನ ನನಗಿಲ್ಲ. ಆದರೆ ಈ ಕೇಸಿನ ಸ್ವಾರಸ್ಯ ಕಂಪನಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದರಲ್ಲಿಲ್ಲ. ಕೋರ್ಟೇ ಕೊನೆಗೆ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟಿತು. ಅದು ಕೇಳಿದ್ದು ಇಷ್ಟೇ: ಈ ಸರ್ಟಿಫಿಕೇಟಿಗೂ ಆ ಕೆಲಸಕ್ಕೂ ಏನ್ರಪ್ಪಾ ಸಂಬಂಧ?

ಕಂಪನಿ ಹತ್ತಿರ ಉತ್ತರ ಇರಲಿಲ್ಲ. ನಮ್ಮಲ್ಲಿ ನೇಮಕಾತಿ ಪ್ರಕಟಣೆ ಹೊರಡಿಸುವ ಎಷ್ಟೋ ಜನರ ಹತ್ತಿರವೂ ಇಲ್ಲ. ಅದಕ್ಕೇ ಐವತ್ತು ವರ್ಷ ದಾಟಿದ ಈ ಕೇಸನ್ನು ಬಿಡಿಸಿ ನೋಡೋಣ ಅನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಹೈಸ್ಕೂಲ್ ಮುಗಿಸುವುದು ಅಂದರೆ 12ನೇ ತರಗತಿ ಮುಗಿಸುವುದು, ನಮ್ಮ ಪಿಯುಸಿ ಇದ್ದ ಹಾಗೆ.

ಸ್ಥಾವರದ ಒಳಗೆ

ಸ್ಥಾವರ ಇದ್ದದ್ದು ಡ್ರೇಪರ್ ಅನ್ನುವ ಸಣ್ಣ ಊರಿನಲ್ಲಿ, ಡ್ಯಾನ್ ನದಿಯ ದಡದಲ್ಲಿ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಜಾಗ. ಕೇಸು ಹಾಕಿದ ಹೊತ್ತಿಗೆ ಅಲ್ಲಿ 95 ಜನ ನೌಕರರು. ಅವರಲ್ಲಿ 14 ಜನ ಕಪ್ಪು ಜನಾಂಗದವರು.

ಐದು ವಿಭಾಗ. ಲೇಬರ್, ಕಲ್ಲಿದ್ದಲು ನಿರ್ವಹಣೆ, ಆಪರೇಷನ್ಸ್, ಮೆಂಟೆನೆನ್ಸ್, ಲ್ಯಾಬೊರೇಟರಿ ಮತ್ತು ಟೆಸ್ಟ್. ಕೊನೆಯ ಮೂರಕ್ಕೆ 'ಒಳಗಿನ ಕೆಲಸ' ಅಂತ ಹೆಸರು. ಬಾಯ್ಲರ್, ಟರ್ಬೈನ್ ನೋಡಿಕೊಳ್ಳುವುದು, ರಿಪೇರಿ, ನೀರಿನ ಪರೀಕ್ಷೆ ಇಂಥವು. ಕಲ್ಲಿದ್ದಲು ವಿಭಾಗದವರು ಬಂದ ಕಲ್ಲಿದ್ದಲನ್ನು ಇಳಿಸಿ, ತೂಗಿ, ಪುಡಿ ಮಾಡಿ ಒಳಗೆ ಸಾಗಿಸಬೇಕು. ಲೇಬರ್ ವಿಭಾಗದವರು ಸ್ಥಾವರ ಗುಡಿಸಿ ಒರೆಸಬೇಕು.

14 ಕಪ್ಪು ನೌಕರರೂ ಸೇರಿದ್ದು ಲೇಬರ್ ವಿಭಾಗಕ್ಕೇ. 1965ರವರೆಗೆ ಅವರನ್ನು ಬೇರೆ ಕಡೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಸಂಬಳದ ಲೆಕ್ಕ ನೋಡಿದರೆ ವಿಷಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಲೇಬರ್ ವಿಭಾಗದಲ್ಲಿ ಎಷ್ಟೇ ವರ್ಷ ದುಡಿದರೂ ಸಿಗುವ ಅತಿ ಹೆಚ್ಚಿನ ಕೂಲಿ ಗಂಟೆಗೆ 1.565 ಡಾಲರ್. ಬೇರೆ ವಿಭಾಗಗಳಲ್ಲಿ ಮೊನ್ನೆ ಸೇರಿದವನಿಗೆ ಸಿಗುವ ಅತಿ ಕಡಿಮೆ ಕೂಲಿ 1.705. ಮೇಲಿನ ಹುದ್ದೆಗಳಲ್ಲಿ ಅದು 3 ಡಾಲರ್ ದಾಟುತ್ತಿತ್ತು. ಅಂದರೆ ಲೇಬರ್ ವಿಭಾಗದ ಅತ್ಯಂತ ಹಿರಿಯ ಕೆಲಸಗಾರ ಬೇರೆ ವಿಭಾಗದ ಹೊಸಬನಿಗಿಂತ ಕೆಳಗೆ. ಬಡ್ತಿ ಆಯಾ ವಿಭಾಗದ ಒಳಗೇ, ಹಿರಿತನದ ಮೇಲೆ. ಹಾಗಾಗಿ ಎಲ್ಲಿ ಕಾಲಿಟ್ಟಿರೋ ಅಲ್ಲೇ ಮುದುಕರಾಗುವುದು.

ಹೈಸ್ಕೂಲ್ ಸರ್ಟಿಫಿಕೇಟ್ ನಿಯಮ ಬಂದದ್ದು 1955ರಲ್ಲಿ. ಲೇಬರ್ ಬಿಟ್ಟು ಉಳಿದ ವಿಭಾಗಗಳಿಗೆ ಹೊಸದಾಗಿ ಸೇರುವವರಿಗೆ, ಮತ್ತು ಕಲ್ಲಿದ್ದಲು ವಿಭಾಗದಿಂದ ಒಳಗಿನ ಕೆಲಸಕ್ಕೆ ಹೋಗುವವರಿಗೆ. ಯಾಕೆ ತಂದರು? ಯಾವ ಅಧ್ಯಯನವೂ ನಡೆದಿರಲಿಲ್ಲ. ಕಂಪನಿಯ ಉಪಾಧ್ಯಕ್ಷರೊಬ್ಬರು ಕೋರ್ಟಿನಲ್ಲಿ ಕೊಟ್ಟ ಸಾಕ್ಷ್ಯ ಇಷ್ಟೇ: ಇದರಿಂದ ಒಟ್ಟಾರೆ ನೌಕರವರ್ಗದ ಗುಣಮಟ್ಟ ಹೆಚ್ಚುತ್ತದೆ ಅಂತ ನಮಗೆ ಅನಿಸಿತು.

'ನಮಗೆ ಅನಿಸಿತು.' ಯಾವ ಆಫೀಸಿನಲ್ಲಿ ಕೇಳಿ, ವಿದ್ಯಾರ್ಹತೆಯ ಕಾಲಂ ತುಂಬಿದ್ದು ಹೇಗೆ ಅಂದರೆ ಮುಕ್ಕಾಲು ಪಾಲು ಇದೇ ಉತ್ತರ ಬರುತ್ತದೆ. ಕೇಳುವವನಿಗೆ ಅದರಿಂದ ಒಂದು ಪೈಸೆ ಖರ್ಚಿಲ್ಲ ನೋಡಿ. 'ಪದವಿ ಕಡ್ಡಾಯ' ಅಂತ ಟೈಪ್ ಮಾಡಿದರೆ ಆಯಿತು. ಖರ್ಚೆಲ್ಲ ಅರ್ಜಿ ಹಾಕುವವನದು. ಮೂರು ವರ್ಷದ ಫೀಸು, ಮೂರು ವರ್ಷದ ಊಟ, ಮೂರು ವರ್ಷ ದುಡಿಯದೆ ಹೋದ ಸಂಬಳ.

ಕಾಗದ ಇದ್ದೂ ಗುಡಿಸಿದವನು

ಈ ಕೇಸಿನ ದಾಖಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಬ್ಬ ನೌಕರನ ವಿವರ. ತೀರ್ಪಿನಲ್ಲಿ ಅವನ ಬಗ್ಗೆ ಎರಡೇ ಸಾಲು ಇದೆ. 1953ರಲ್ಲಿ ಲೇಬರ್ ವಿಭಾಗಕ್ಕೆ ಸೇರಿದವನು. ಕಪ್ಪು ಜನಾಂಗದವನು. ಹೈಸ್ಕೂಲ್ ಮುಗಿಸಿದ್ದ. ಕಂಪನಿ 1955ರಲ್ಲಿ ಕೇಳಲು ಶುರು ಮಾಡಿದ ಸರ್ಟಿಫಿಕೇಟ್ ಅದಕ್ಕೂ ಮೊದಲೇ ಅವನ ಕೈಯಲ್ಲಿತ್ತು. ಆದರೂ ಅವನನ್ನು ಮೇಲಕ್ಕೆ ಕರೆದದ್ದು 1966ರ ಆಗಸ್ಟ್‌ನಲ್ಲಿ. ಹದಿಮೂರು ವರ್ಷದ ಮೇಲೆ. ಅದೂ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಹೋಗಿ ಐದು ತಿಂಗಳಾದ ನಂತರ. ಸಿಕ್ಕಿದ್ದು ಕಲ್ಲಿದ್ದಲು ವಿಭಾಗದ ಕೆಲಸ. ಆ ಸ್ಥಾವರದಲ್ಲಿ ಲೇಬರ್ ವಿಭಾಗ ದಾಟಿದ ಮೊದಲ ಕಪ್ಪು ನೌಕರ ಅವನೇ.

ಈಗ ಇನ್ನೊಂದು ಕಡೆ ನೋಡಿ. 1955ಕ್ಕಿಂತ ಮುಂಚೆ ಸೇರಿದ ಬಿಳಿಯರಲ್ಲಿ ಹೈಸ್ಕೂಲ್ ಮುಗಿಸದವರು ಬೇಕಾದಷ್ಟು ಜನ ಇದ್ದರು. ನಿಯಮ ಬಂದ ಮೇಲೂ ಅವರು ತಮ್ಮ ವಿಭಾಗಗಳಲ್ಲೇ ಆರಾಮಾಗಿ ಕೆಲಸ ಮಾಡಿಕೊಂಡಿದ್ದರು. ಬಡ್ತಿಯನ್ನೂ ಪಡೆದರು. ಕಂಪನಿಯ ಸ್ವಂತ ದಾಖಲೆ ಹೇಳಿದ್ದು ಇದು: 1965ರ ಜುಲೈನಿಂದ 1966ರ ನವೆಂಬರ್ ನಡುವೆ ಬಡ್ತಿ ಪಡೆದ ಬಿಳಿಯರಲ್ಲಿ ಹೈಸ್ಕೂಲ್ ಮುಗಿಸದವರ ಪ್ರಮಾಣ, ಒಟ್ಟು ಬಿಳಿ ನೌಕರರಲ್ಲಿ ಹೈಸ್ಕೂಲ್ ಮುಗಿಸದವರ ಪ್ರಮಾಣಕ್ಕೆ ಹೆಚ್ಚುಕಡಿಮೆ ಸಮ. ಸರ್ಟಿಫಿಕೇಟ್ ಇದ್ದವರಿಗೆ ಬಡ್ತಿ ಜಾಸ್ತಿ, ಇಲ್ಲದವರಿಗೆ ಕಡಿಮೆ ಅನ್ನುವುದೇನೂ ಇರಲಿಲ್ಲ. ಕೆಲಸಕ್ಕೂ ಕಾಗದಕ್ಕೂ ಸಂಬಂಧ ಇದ್ದಿದ್ದರೆ ಹಾಗೆ ಆಗಲು ಸಾಧ್ಯವೇ?

ಒಂದೇ ಸೂರಿನಡಿ ಇವೆರಡೂ ನಡೆದಿವೆ. ಕಾಗದ ಇಲ್ಲದೆ ಟರ್ಬೈನ್ ನೋಡಿಕೊಳ್ಳುತ್ತಿದ್ದವರು, ಕಾಗದ ಇದ್ದೂ ನೆಲ ಒರೆಸುತ್ತಿದ್ದವನು. ಈ ಕೇಸಿನ ತಿರುಳೆಲ್ಲ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಕೋರ್ಟಿನ ದೊಡ್ಡ ದೊಡ್ಡ ಮಾತುಗಳು ಆಮೇಲಿನವು.

ಎರಡು ಪರೀಕ್ಷೆ

ಇನ್ನು ಆ ಪರೀಕ್ಷೆಗಳು. ಒಂದು ವಂಡರ್ಲಿಕ್. 12 ನಿಮಿಷದಲ್ಲಿ 50 ಪ್ರಶ್ನೆ, ಸಾಮಾನ್ಯ ಬುದ್ಧಿಶಕ್ತಿ ಅಳೆಯುವುದು. ಇನ್ನೊಂದು ಬೆನೆಟ್. ರಾಟೆ, ಗೇರು, ಸನ್ನೆಗೋಲುಗಳ ಚಿತ್ರ ನೋಡಿ ಉತ್ತರ ಹೇಳುವುದು. ಎರಡೂ ಆಗ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಸಿದ್ಧ ಪರೀಕ್ಷೆಗಳು. ಯಾವುದನ್ನೂ ಈ ಸ್ಥಾವರದ ಕೆಲಸ ನೋಡಿ ಮಾಡಿರಲಿಲ್ಲ.

1965ರ ಸೆಪ್ಟೆಂಬರ್‌ನಲ್ಲಿ ಕಂಪನಿ ಒಂದು ರಿಯಾಯಿತಿ ಕೊಟ್ಟಿತು. ಈಗಾಗಲೇ ಕೆಲಸದಲ್ಲಿದ್ದು ಹೈಸ್ಕೂಲ್ ಮುಗಿಸದವರು ಈ ಎರಡು ಪರೀಕ್ಷೆ ಪಾಸಾದರೆ ಲೇಬರ್ ಅಥವಾ ಕಲ್ಲಿದ್ದಲು ವಿಭಾಗದಿಂದ ಒಳಗಿನ ಕೆಲಸಕ್ಕೆ ಹೋಗಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಪಾಸಾಗಲು ಇಟ್ಟ ಅಂಕ ಎಷ್ಟು ಗೊತ್ತೇ? ಇಡೀ ದೇಶದ ಹೈಸ್ಕೂಲ್ ಮುಗಿಸಿದವರ ಮಧ್ಯದ ಅಂಕಕ್ಕೆ ಹತ್ತಿರ. ಅಂದರೆ ಹೈಸ್ಕೂಲ್ ಮುಗಿಸಿದವರನ್ನೇ ಕೂರಿಸಿದರೂ ಅರ್ಧ ಜನ ಫೇಲು. ಸರ್ಟಿಫಿಕೇಟಿಗೆ ಬದಲಿ ಅಂತ ಕೊಟ್ಟ ದಾರಿ ಸರ್ಟಿಫಿಕೇಟಿಗಿಂತ ಕಷ್ಟದ್ದು.

ಯಾರಿಗೆ ಕಷ್ಟ ಅನ್ನುವುದಕ್ಕೂ ಅಂಕಿಅಂಶ ಇತ್ತು. 1960ರ ಜನಗಣತಿ ಪ್ರಕಾರ ನಾರ್ತ್ ಕೆರೊಲಿನಾದಲ್ಲಿ ಹೈಸ್ಕೂಲ್ ಮುಗಿಸಿದ ಬಿಳಿ ಗಂಡಸರು 34%, ಕಪ್ಪು ಗಂಡಸರು 12%. ವಂಡರ್ಲಿಕ್ ಮತ್ತು ಬೆನೆಟ್ ಸೇರಿದ್ದ ಪರೀಕ್ಷೆಗಳನ್ನು ಬಳಸಿದ ಒಂದು ಪ್ರಕರಣದಲ್ಲಿ ಬಿಳಿಯರು 58% ಪಾಸಾದರೆ ಕಪ್ಪು ಜನ 6% ಪಾಸಾಗಿದ್ದರು ಅಂತ ಆಯೋಗ ಗುರುತಿಸಿತ್ತು. ಇದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆ ರಾಜ್ಯದಲ್ಲಿ ಕಪ್ಪು ಮಕ್ಕಳಿಗೇ ಬೇರೆ ಶಾಲೆ. ಅದರಲ್ಲಿ ಕಲಿಸುವುದೂ ಕಳಪೆ. ಸರ್ಕಾರ ಮೊದಲು ಕೆಟ್ಟ ಶಾಲೆ ಕೊಟ್ಟಿತು, ಆಮೇಲೆ ಕಂಪನಿ ಆ ಶಾಲೆಯ ಫಲಿತಾಂಶ ತೋರಿಸು ಅಂತ ಕೇಳಿತು.

ನ್ಯಾಯವಾಗಿ ಕಂಪನಿಯ ಪರವಾಗಿ ಇದ್ದದ್ದನ್ನೂ ಹೇಳಬೇಕು. ಹೈಸ್ಕೂಲ್ ಮುಗಿಸದ ನೌಕರರು ಓದಲು ಹೊರಟರೆ ಫೀಸಿನ ಮೂರರಲ್ಲಿ ಎರಡು ಪಾಲನ್ನು ಕಂಪನಿಯೇ ಕಟ್ಟುತ್ತಿತ್ತು. ಇದನ್ನು ತೋರಿಸಿಯೇ ಕೆಳಗಿನ ಕೋರ್ಟುಗಳಲ್ಲಿ ಅದು 'ನಮಗೆ ಕೆಟ್ಟ ಉದ್ದೇಶ ಇಲ್ಲ' ಅಂತ ವಾದಿಸಿದ್ದು. ಕಾನೂನಿನಲ್ಲೂ ಅದಕ್ಕೆ ಒಂದು ಆಸರೆ ಇತ್ತು. ಕಾಯ್ದೆ ಚರ್ಚೆಯಾಗುವಾಗ ಟೆಕ್ಸಾಸ್‌ನ ಸೆನೆಟರ್ ಜಾನ್ ಟವರ್ ಒಂದು ತಿದ್ದುಪಡಿ ತಂದಿದ್ದರು. ಆಗಷ್ಟೇ ಇಲಿನಾಯ್ ರಾಜ್ಯದಲ್ಲಿ ಮೊಟೊರೊಲಾ ಕಂಪನಿಯ ನೇಮಕಾತಿ ಪರೀಕ್ಷೆ ತಾರತಮ್ಯದ್ದು ಅಂತ ಗಲಾಟೆಯಾಗಿತ್ತು. ಹೀಗೇ ಬಿಟ್ಟರೆ ಪರೀಕ್ಷೆಗಳೇ ನಿಂತುಹೋಗುತ್ತವೆ ಅನ್ನುವ ಭಯ. ಪರಿಣತರು ತಯಾರಿಸಿದ ಪರೀಕ್ಷೆಯನ್ನು ಕಂಪನಿಗಳು ಬಳಸಬಹುದು, ತಾರತಮ್ಯಕ್ಕೆ ಬಳಸಬಾರದು ಅಷ್ಟೇ ಅಂತ ಕಾಯ್ದೆಯಲ್ಲಿ ಸೇರಿತು. ಡ್ಯೂಕ್ ಪವರ್ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು.

ಕೋರ್ಟಿನ ದಾರಿ

14 ಜನರಲ್ಲಿ 13 ಜನ ಕೇಸು ಹಾಕಿದರು. ಅವರಲ್ಲಿ ವಿಲ್ಲಿ ಗ್ರಿಗ್ಸ್ ಅನ್ನುವವರ ಹೆಸರೇ ಕೇಸಿಗೂ ಬಂತು: ಗ್ರಿಗ್ಸ್ ವರ್ಸಸ್ ಡ್ಯೂಕ್ ಪವರ್ ಕಂಪನಿ. ಅವರ ಹಿಂದೆ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಹೆಸರಿನ ಕಾನೂನು ನೆರವು ನಿಧಿ ನಿಂತಿತ್ತು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರು ಜ್ಯಾಕ್ ಗ್ರೀನ್‌ಬರ್ಗ್.

ಜಿಲ್ಲಾ ಕೋರ್ಟ್ ಕೇಸನ್ನು ತಳ್ಳಿಹಾಕಿತು. ಹಳೇ ತಾರತಮ್ಯ ಕಾಯ್ದೆಗಿಂತ ಮುಂಚಿನದು, ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂದಿತು. ಮೇಲ್ಮನವಿ ಕೋರ್ಟ್ ಅರ್ಧ ಒಪ್ಪಿತು. 1955ರ ನಿಯಮಕ್ಕಿಂತ ಮೊದಲು ಸೇರಿದ ಕಪ್ಪು ನೌಕರರಿಗೆ ಪರಿಹಾರ ಸಿಗಬೇಕು, ಯಾಕೆಂದರೆ ಅದೇ ಕಾಲದ ಬಿಳಿಯರಿಗೆ ನಿಯಮ ಅನ್ವಯವಾಗಿಲ್ಲ. ಆದರೆ ನಂತರ ಸೇರಿದವರಿಗೆ ಇಲ್ಲ, ಯಾಕೆಂದರೆ ಕಂಪನಿಗೆ ದುರುದ್ದೇಶ ಇತ್ತು ಅಂತ ಸಾಬೀತಾಗಿಲ್ಲ. ಆ ಪೀಠದ ನ್ಯಾಯಾಧೀಶ ಸೊಬೆಲೊಫ್ ಮಾತ್ರ ಇದನ್ನು ಒಪ್ಪದೆ ಬೇರೆ ಬರೆದರು. ಮುಂದೆ ಸುಪ್ರೀಂ ಕೋರ್ಟ್ ಹಿಡಿದದ್ದು ಹೆಚ್ಚುಕಡಿಮೆ ಅವರ ದಾರಿಯನ್ನೇ.

1971ರ ಮಾರ್ಚ್ 8ರಂದು ತೀರ್ಪು ಬಂತು. ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ ಕಂಪನಿಯ ವಿರುದ್ಧ. ಒಂಬತ್ತನೆಯವರಾದ ನ್ಯಾಯಮೂರ್ತಿ ಬ್ರೆನನ್ ಭಾಗವಹಿಸಿರಲಿಲ್ಲ. ಬರೆದವರು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್. ನಿಕ್ಸನ್ ನೇಮಿಸಿದ, ಸಂಪ್ರದಾಯವಾದಿ ಅಂತ ಹೆಸರಾದವರು. ಇಂಥ ತೀರ್ಪು ಅವರ ಕೈಯಿಂದ ಬರುತ್ತದೆ ಅಂತ ಜಾಸ್ತಿ ಜನ ಎಣಿಸಿರಲಾರರು.

ತೀರ್ಪಿನ ಕಾನೂನು ಭಾಗ ಸರಳ. ಒಳ್ಳೆಯ ಉದ್ದೇಶ ಇದೆ ಅಂದರೆ ಸಾಲದು. ಒಂದು ನಿಯಮ ನೋಡಲು ಎಲ್ಲರಿಗೂ ಒಂದೇ ಥರ ಇದ್ದರೂ, ಪರಿಣಾಮದಲ್ಲಿ ಒಂದು ಗುಂಪನ್ನು ಹೊರಗಿಡುತ್ತಿದ್ದರೆ, ಆ ನಿಯಮಕ್ಕೂ ಕೆಲಸಕ್ಕೂ ಸಂಬಂಧ ಇದೆ ಅಂತ ಕಂಪನಿಯೇ ತೋರಿಸಬೇಕು. ತೋರಿಸಲಾಗದಿದ್ದರೆ ನಿಯಮ ಬಿದ್ದುಹೋಗುತ್ತದೆ. ಪರೀಕ್ಷೆ ಅಳೆಯಬೇಕಾದದ್ದು ಆ ಕೆಲಸಕ್ಕೆ ಆ ಮನುಷ್ಯ ಹೊಂದುತ್ತಾನಾ ಅನ್ನುವುದನ್ನು, ಮನುಷ್ಯನನ್ನು ಗಾಳಿಯಲ್ಲಿ ನಿಲ್ಲಿಸಿ ಅಲ್ಲ. ಬರ್ಗರ್ ನರಿ ಮತ್ತು ಕೊಕ್ಕರೆಯ ಕಥೆಯನ್ನೂ ತಂದಿದ್ದಾರೆ. ನಾವೂ ಚಿಕ್ಕಂದಿನಲ್ಲಿ ಕೇಳಿದ್ದೇ. ಇಬ್ಬರಿಗೂ ಹಾಲು ಇಟ್ಟಿದ್ದೇನೆ ಅಂದರೆ ಆಗಲಿಲ್ಲ, ಯಾವ ಪಾತ್ರೆಯಲ್ಲಿ ಇಟ್ಟಿದ್ದೀಯ ಅನ್ನುವುದನ್ನೂ ನೋಡಬೇಕು ಅಂತ ಅವರ ವಾದ.

ಸರ್ಟಿಫಿಕೇಟ್ ಬಗ್ಗೆ ಅವರು ಬರೆದ ಸಾಲು ಇವತ್ತಿಗೂ ಉಲ್ಲೇಖವಾಗುತ್ತದೆ. ಸರ್ಟಿಫಿಕೇಟ್, ಡಿಪ್ಲೊಮಾ, ಡಿಗ್ರಿಗಳ ಬಿರುದು ಇಲ್ಲದೆಯೇ ತುಂಬಾ ಚೆನ್ನಾಗಿ ಕೆಲಸ ಮಾಡಿದ ಗಂಡಸರು, ಹೆಂಗಸರು ಇತಿಹಾಸದ ತುಂಬ ಇದ್ದಾರೆ. ಡಿಪ್ಲೊಮಾಗಳೂ ಪರೀಕ್ಷೆಗಳೂ ಉಪಯೋಗಕ್ಕೆ ಬರುವ ಆಳುಗಳು, ಅವು ವಾಸ್ತವಕ್ಕೇ ಯಜಮಾನರಾಗಬಾರದು. ಹೀಗೆ ಅದರ ಸಾರಾಂಶ.

ಗೆದ್ದ ಮೇಲೆ

ಹಾಗಾದರೆ ಅಮೆರಿಕದಲ್ಲಿ ಬೇಡದ ಸರ್ಟಿಫಿಕೇಟ್ ಕೇಳುವುದು ನಿಂತಿತೇ? ಇಲ್ಲ. ಇನ್ನೂ ಹೆಚ್ಚಾಯಿತು.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾರ್ಖಾನೆಗಳ ಉತ್ಪಾದನಾ ಮೇಲ್ವಿಚಾರಕರ ಲೆಕ್ಕ ಇದೆ. 2015ರಲ್ಲಿ ಆ ಹುದ್ದೆಗೆ ಬಂದ ಜಾಹೀರಾತುಗಳಲ್ಲಿ 67% ಕಾಲೇಜು ಪದವಿ ಕೇಳಿದ್ದವು. ಆಗ ಅದೇ ಹುದ್ದೆಯಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಪದವಿ ಇದ್ದವರು 16%. ಡ್ಯಾನ್ ರಿವರ್‌ನ ಚಿತ್ರವೇ, ದೊಡ್ಡದಾಗಿ. ಒಳಗಿರುವವರು ಕಾಗದ ಇಲ್ಲದೆ ಕೆಲಸ ನಡೆಸುತ್ತಿದ್ದಾರೆ, ಬಾಗಿಲಲ್ಲಿ ನಿಂತವರಿಗೆ ಮಾತ್ರ ಕಾಗದ ತೋರಿಸಿ ಅನ್ನುತ್ತಿದ್ದಾರೆ.

ಗ್ರಿಗ್ಸ್ ತೀರ್ಪೇ ಇದಕ್ಕೆ ಕಾರಣ ಅಂತ ವಾದಿಸುವವರೂ ಇದ್ದಾರೆ. ಪರೀಕ್ಷೆ ಇಟ್ಟರೆ ಕೇಸು ಬೀಳುತ್ತದೆ, ಅದರ ಬದಲು ಡಿಗ್ರಿ ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ, ಹಾಗಾಗಿ ಕಂಪನಿಗಳು ಡಿಗ್ರಿಗೆ ಜೋತುಬಿದ್ದವು ಅಂತ. ನನಗೆ ಇದು ಅರ್ಧ ಮಾತ್ರ ಸರಿ ಅನಿಸುತ್ತದೆ. ತೀರ್ಪು ಪರೀಕ್ಷೆ ಮತ್ತು ಸರ್ಟಿಫಿಕೇಟ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ. ಕಂಪನಿಗಳು ಒಂದಕ್ಕೆ ಹೆದರಿ ಇನ್ನೊಂದಕ್ಕೆ ಹೆದರಲಿಲ್ಲ ಅಂದರೆ, ಡಿಗ್ರಿಯನ್ನು ಪ್ರಶ್ನಿಸುವುದು ಸಮಾಜಕ್ಕೇ ಮುಜುಗರ ಅನ್ನುವುದೂ ಒಂದು ಕಾರಣ. ಪರೀಕ್ಷೆಯನ್ನು ಬೈಯಬಹುದು. ಡಿಗ್ರಿಯನ್ನು ಬೈದರೆ ಓದದವನ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ.

ಕಾನೂನಿನ ಕಡೆಯೂ ಏರಿಳಿತ ಆಯಿತು. 1989ರಲ್ಲಿ ಇನ್ನೊಂದು ತೀರ್ಪು ಗ್ರಿಗ್ಸ್‌ನ ಹಲ್ಲು ಕಿತ್ತಿತು. 1991ರಲ್ಲಿ ಸಂಸತ್ತು ಕಾನೂನು ಮಾಡಿ ಮತ್ತೆ ಹಲ್ಲು ಕಟ್ಟಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತ ಈ 'ಪರಿಣಾಮ ನೋಡಿ ತಾರತಮ್ಯ ಅನ್ನುವುದು' ಎಂಬ ತತ್ವದ ಮೇಲೆ ಸರ್ಕಾರಿ ಸಂಸ್ಥೆಗಳು ಕ್ರಮ ಕೈಗೊಳ್ಳುವುದನ್ನು ಆದಷ್ಟು ಕಡಿಮೆ ಮಾಡಬೇಕು ಅಂತ ಆದೇಶ ಹೊರಡಿಸಿತು.

ಈ ನಡುವೆ ಮೇರಿಲ್ಯಾಂಡ್ ರಾಜ್ಯ 2022ರಲ್ಲಿ ಸಾವಿರಾರು ಸರ್ಕಾರಿ ಹುದ್ದೆಗಳಿಗೆ ಡಿಗ್ರಿ ಬೇಡ ಅಂದಿತು. ಬೇರೆ ರಾಜ್ಯಗಳೂ, ದೊಡ್ಡ ಕಂಪನಿಗಳೂ 'ಕೌಶಲ ನೋಡಿ ಕೆಲಸ' ಅಂತ ಘೋಷಿಸಿದವು. 2024ರಲ್ಲಿ ಹಾರ್ವರ್ಡ್ ಮತ್ತು ಬರ್ನಿಂಗ್ ಗ್ಲಾಸ್ ಸಂಸ್ಥೆಯವರು ಲೆಕ್ಕ ಹಾಕಿ ನೋಡಿದರೆ, ಇದರಿಂದ ನಿಜಕ್ಕೂ ಬದಲಾದದ್ದು 700 ನೇಮಕಾತಿಗಳಲ್ಲಿ ಒಂದಕ್ಕಿಂತ ಕಡಿಮೆ. ಜಾಹೀರಾತಿನಿಂದ ಒಂದು ಸಾಲು ಅಳಿಸುವುದು ಸುಲಭ. ಅರ್ಜಿಗಳ ರಾಶಿ ಮುಂದೆ ಕೂತವನ ಕಣ್ಣು ಮಾತ್ರ ಡಿಗ್ರಿ ಇರುವ ಅರ್ಜಿಯ ಮೇಲೇ ಹೋಗುತ್ತದೆ.

ನಮ್ಮ ಕೋರ್ಟು ಹೇಳಿದ್ದು

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಉಲ್ಟಾ ಆಗಿ ಬಂತು. ಒಡಿಶಾದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ಯೂನ್ ಹುದ್ದೆಗೆ ಅರ್ಜಿ ಕರೆದಿತ್ತು. ಅರ್ಹತೆ 12ನೇ ತರಗತಿ ಪಾಸು. ಜೊತೆಗೆ ಇನ್ನೊಂದು ಷರತ್ತು: 2016ರ ಜನವರಿ 1ಕ್ಕೆ ಪದವೀಧರ ಆಗಿರಬಾರದು. ಒಬ್ಬ ಯುವಕ 12ನೇ ತರಗತಿಯನ್ನಷ್ಟೇ ಬರೆದು ಅರ್ಜಿ ಹಾಕಿ ಆಯ್ಕೆಯಾದ. 2014ರಲ್ಲೇ ಪದವಿ ಮುಗಿಸಿದ್ದು ದಾಖಲೆ ಪರಿಶೀಲನೆ ವೇಳೆ ಹೊರಬಿತ್ತು. ಬ್ಯಾಂಕ್ ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ.

ಒಡಿಶಾ ಹೈಕೋರ್ಟ್ ಯುವಕನ ಪರ ನಿಂತಿತು. ಜಾಸ್ತಿ ಓದಿದ್ದೇ ಅನರ್ಹತೆ ಆಗಬಾರದು ಅನ್ನುವುದಕ್ಕೆ ಸುಪ್ರೀಂ ಕೋರ್ಟಿನದೇ 2000ದ ಒಂದು ತೀರ್ಪು ಆಧಾರ ಇತ್ತು. ಅದೂ ಪ್ಯೂನ್ ಹುದ್ದೆಯದೇ, ನಾಗಪುರದ ಜಿಲ್ಲಾ ನ್ಯಾಯಾಲಯದ್ದು. ಆದರೆ 2020ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಹುದ್ದೆಗೆ ಏನು ಅರ್ಹತೆ ಬೇಕು ಅನ್ನುವುದು ಕೆಲಸ ಕೊಡುವವನ ತೀರ್ಮಾನ, ಕೋರ್ಟು ಅದರಲ್ಲಿ ಕೈ ಹಾಕುವುದು ಸರಿಯಲ್ಲ. ಷರತ್ತು ತಪ್ಪು ಅನಿಸಿದ್ದರೆ ಪ್ರಶ್ನಿಸಬೇಕಿತ್ತು, ಮುಚ್ಚಿಟ್ಟು ಅರ್ಜಿ ಹಾಕಬಾರದಿತ್ತು.

ಮುಚ್ಚಿಟ್ಟದ್ದು ತಪ್ಪೇ. ಆ ಮಟ್ಟಿಗೆ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಬ್ಯಾಂಕಿನ ಷರತ್ತಿಗೂ ಕಾರಣ ಇದೆ. ಮೇಲಿನ ಮಿತಿ ಇಡದಿದ್ದರೆ ಎಂ.ಎ., ಬಿ.ಇ. ಮಾಡಿದವರೇ ಪ್ಯೂನ್ ಹುದ್ದೆಗಳನ್ನೂ ತುಂಬಿಬಿಡುತ್ತಾರೆ, 12ನೇ ತರಗತಿ ಓದಿದವನಿಗೆ ಎಲ್ಲೂ ಜಾಗ ಉಳಿಯುವುದಿಲ್ಲ. ಒಂದು ದೃಷ್ಟಿಯಿಂದ ಅದು ಬಡವರ ಪರವಾದ ನಿಯಮವೇ. ಆದರೆ ಎರಡು ದೇಶಗಳ ನಡುವಿನ ವ್ಯತ್ಯಾಸ ನೋಡಿ. ಅಲ್ಲಿ, ಗ್ರಿಗ್ಸ್ ಪ್ರಕಾರ, ಒಂದು ಗುಂಪಿಗೆ ಪೆಟ್ಟು ಬೀಳುತ್ತಿದೆ ಅಂತ ತೋರಿಸಿದರೆ ಮುಂದಿನ ಹೊಣೆ ಕಂಪನಿಯದು. ಇಲ್ಲಿ ಶುರುವಾಗುವುದೇ ಕೆಲಸ ಕೊಡುವವರ ಮಾತಿನಿಂದ. 'ನಮಗೆ ಅನಿಸಿತು' ಅನ್ನುವುದಕ್ಕೆ ನಮ್ಮ ಕೋರ್ಟುಗಳಲ್ಲಿ ಬೆಲೆ ಜಾಸ್ತಿ.

ಹಾಗಂತ ನಮ್ಮಲ್ಲಿ ಸರ್ಟಿಫಿಕೇಟ್ ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದಾ? ನನಗೆ ಧೈರ್ಯ ಸಾಲದು. ಕಾಗದ ತೆಗೆದರೆ ಆ ಜಾಗಕ್ಕೆ ಏನು ಬರುತ್ತದೆ ಅನ್ನುವುದು ನಮಗೆಲ್ಲ ಗೊತ್ತಿದೆ. ಶಾಸಕರ ಶಿಫಾರಸು ಪತ್ರ, 'ನಮ್ಮ ಹುಡುಗ ಕಣ್ರೀ' ಅನ್ನುವ ಒಂದು ಫೋನು, ಕವರ್. ಪರೀಕ್ಷೆಯನ್ನಾದರೂ ನಂಬೋಣ ಅಂದರೆ 2021ರ ಪಿಎಸ್‌ಐ ನೇಮಕಾತಿ ನೆನಪಾಗುತ್ತದೆ. 545 ಹುದ್ದೆಗಳ ಪರೀಕ್ಷೆಯ ಓಎಂಆರ್ ಶೀಟನ್ನೇ ತಿದ್ದಿದ್ದು ಬಯಲಾಗಿ 2022ರಲ್ಲಿ ಪರೀಕ್ಷೆಯೇ ರದ್ದಾಯಿತು. ಹಳ್ಳಿಯಿಂದ ಬಂದ, ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅನ್ನುವುದು ಅಧಿಕಾರಿಯ ಮುಂದೆ ಇಡಬಹುದಾದ ಒಂದೇ ಒಂದು ಬಲ. ಅದನ್ನು ಯಾರೂ ಸುಲಭಕ್ಕೆ ಅಲ್ಲಗಳೆಯಲು ಆಗುವುದಿಲ್ಲ.

ಕಂಬ ಹತ್ತುವ ಕೆಲಸ

ಡ್ಯೂಕ್ ಪವರ್ ಕರೆಂಟಿನ ಕಂಪನಿ ಆದ್ದರಿಂದ ನಮ್ಮ ಕೆಪಿಟಿಸಿಎಲ್ ಕಡೆ ಒಮ್ಮೆ ನೋಡೋಣ. 2024ರ ಅಕ್ಟೋಬರ್‌ನಲ್ಲಿ ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕರ 2,975 ಹುದ್ದೆಗಳಿಗೆ ಅರ್ಜಿ ಕರೆದರು. ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಅದರ ಜೊತೆ ಸಹನಾಶಕ್ತಿ ಪರೀಕ್ಷೆ. ಅದರಲ್ಲಿ 8 ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಇವೂ ಇವೆ.

ಕಂಬ ಹತ್ತಿಸುವುದನ್ನು ಬರ್ಗರ್ ನೋಡಿದ್ದರೆ ಖುಷಿಪಡುತ್ತಿದ್ದರು. ಮಳೆಗಾಲದಲ್ಲಿ ತಂತಿ ಹರಿದು ಬಿದ್ದಾಗ ಪವರ್‌ಮ್ಯಾನ್ ಮಾಡಬೇಕಾದ ಕೆಲಸವೇ ಅದು. ಕೆಲಸದ ಒಂದು ತುಂಡನ್ನೇ ಪರೀಕ್ಷೆ ಮಾಡಿದ್ದಾರೆ. ಹತ್ತಿದರೆ ಹತ್ತಿದ, ಇಲ್ಲದಿದ್ದರೆ ಇಲ್ಲ. ಮೈದಾನದಲ್ಲಿ ನಿಂತವರೆಲ್ಲ ಕಣ್ಣಾರೆ ನೋಡುತ್ತಾರೆ, ಅದರಲ್ಲಿ ಶಿಫಾರಸಿನ ಆಟ ನಡೆಯುವುದೂ ಕಷ್ಟ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅನ್ನುವುದಕ್ಕೂ ನನ್ನ ವಿರೋಧವಿಲ್ಲ. ಲೈನಿನಲ್ಲಿ ಕರೆಂಟ್ ತೆಗೆದಿದೆ ಅಂತ ಬರೆದುಕೊಡುವ ಲೈನ್ ಕ್ಲಿಯರ್ ಪತ್ರ ಓದಲು ಬರದಿದ್ದರೆ ಜೀವಕ್ಕೇ ಕುತ್ತು.

ಸಮಸ್ಯೆ ಇರುವುದು ಆಮೇಲೆ. ಅಂತಿಮ ಆಯ್ಕೆ ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ. ಇಬ್ಬರೂ ಕಂಬ ಹತ್ತಿದ್ದಾರೆ, ಇಬ್ಬರೂ ಪಾಸು. ಇಬ್ಬರಲ್ಲಿ ಒಬ್ಬ ನಾಲ್ಕಾರು ವರ್ಷದಿಂದ ಗುತ್ತಿಗೆದಾರರ ಕೈಕೆಳಗೆ ಲೈನ್ ಎಳೆಯುತ್ತಿರುವವನೇ ಇರಬಹುದು. ಆದರೂ ಇಬ್ಬರಲ್ಲಿ ಕೆಲಸ ಯಾರಿಗೆ ಅನ್ನುವುದನ್ನು ಅವರು ಹದಿನೈದನೇ ವಯಸ್ಸಿನಲ್ಲಿ ಕನ್ನಡದಲ್ಲಿ 125ಕ್ಕೆ ಎಷ್ಟು ತೆಗೆದರು, ಸಮಾಜ ವಿಜ್ಞಾನದಲ್ಲಿ 100ಕ್ಕೆ ಎಷ್ಟು ತೆಗೆದರು ಅನ್ನುವುದು ತೀರ್ಮಾನಿಸುತ್ತದೆ. ಸಂದರ್ಶನಕ್ಕಿಂತ ಇದು ಸಾವಿರ ಪಾಲು ಸ್ವಚ್ಛ, ಒಪ್ಪುತ್ತೇನೆ. ಆದರೆ ಸ್ವಚ್ಛವಾಗಿ ಅಳೆದದ್ದೆಲ್ಲ ಕೆಲಸಕ್ಕೆ ಸಂಬಂಧಿಸಿದ್ದೇ ಆಗಿರಬೇಕಿಲ್ಲ.

ಇದನ್ನು ಪರೀಕ್ಷಿಸಿ ನೋಡಲು ಹೊರಗಿನ ತಜ್ಞರು ಬೇಕಿಲ್ಲ. ಡ್ಯೂಕ್ ಪವರ್‌ಗೂ ಬೇಕಿರಲಿಲ್ಲ, ಅದರ ಕಪಾಟಿನಲ್ಲೇ ಉತ್ತರ ಇತ್ತು. ಸೇವೆಯಲ್ಲಿರುವ ಪವರ್‌ಮ್ಯಾನ್‌ಗಳ ಎಸ್ಸೆಸ್ಸೆಲ್ಸಿ ಅಂಕ ಇಲಾಖೆಯ ಹತ್ತಿರ ಇದೆ. ಯಾರ ಲೈನಿನಲ್ಲಿ ದೂರು ಎಷ್ಟು, ಅಪಘಾತ ಎಷ್ಟು, ಬಡ್ತಿ ಯಾರಿಗೆ ಸಿಕ್ಕಿದೆ ಅನ್ನುವ ದಾಖಲೆಯೂ ಅಲ್ಲೇ ಇರಬೇಕು. ಎರಡನ್ನೂ ಒಂದು ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುವುದು ಒಬ್ಬ ಗುಮಾಸ್ತರಿಗೆ ಒಂದು ವಾರದ ಕೆಲಸ. 90% ತೆಗೆದವರು 60% ತೆಗೆದವರಿಗಿಂತ ಚೆನ್ನಾಗಿ ಲೈನ್ ನೋಡಿಕೊಳ್ಳುತ್ತಿದ್ದಾರೆ ಅಂತ ಬಂದರೆ ಈಗಿನ ಪದ್ಧತಿಯೇ ಮುಂದುವರಿಯಲಿ. ವ್ಯತ್ಯಾಸ ಇಲ್ಲ ಅಂತ ಬಂದರೆ, ಮುಂದಿನ ಅಧಿಸೂಚನೆ ಬರೆಯುವವರು ಕಂಬದ ಪರೀಕ್ಷೆಗೇ ಇನ್ನೊಂದೆರಡು ಕೆಲಸ ಸೇರಿಸಿ, ಅದಕ್ಕೇ ಅಂಕ ಕೊಡಬಹುದು.